ಸಂಪಾದಕರ ಉತ್ತರ: ಕಬ್ಬಿನ ಬಿಲ್ಲು ಅಮ್ಮನ ಕೈಯಲ್ಲೇ ಇದೆ

ಅಕ್ಕಾ, ನಮಸ್ಕಾರ.

ನಿಮ್ಮ ನಾಲ್ಕು ಪುಟದ ಪತ್ರ ಬಂದು ಮೂರು ವಾರ ಆಯಿತು. ಎರಡು ಸಾಲು ಬರೆದು ಮುಗಿಸಲು ಮನಸ್ಸಾಗಲಿಲ್ಲ, ಅದಕ್ಕೇ ತಡ. ನೀವು ನನ್ನನ್ನು ‘ತಮ್ಮಾ’ ಎಂದು ಕರೆದಿದ್ದೀರಿ. ಹಾಗಾಗಿ ಸಲುಗೆಯಿಂದಲೇ ಬರೆಯುತ್ತೇನೆ.

ಉಳಿದ ಓದುಗರಿಗಾಗಿ ನಿಮ್ಮ ಪತ್ರದ ಸಾರ ಹೇಳಿಬಿಡುತ್ತೇನೆ. ನಿಮ್ಮ ಓಣಿಯ ಹೆಣ್ಣುಮಕ್ಕಳೆಲ್ಲ ಶುಕ್ರವಾರ ಸಂಜೆ ಒಬ್ಬರ ಮನೆಯಲ್ಲಿ ಸೇರಿ ಲಲಿತಾ ಸಹಸ್ರನಾಮ ಓದುತ್ತೀರಿ. ಈಚೆಗೆ ಓದಿನ ಜೊತೆ ಒಂದೊಂದು ನಾಮದ ಅರ್ಥವನ್ನೂ ಹೇಳಿಕೊಳ್ಳಲು ಶುರು ಮಾಡಿದ್ದೀರಿ. ‘ಕಾಮ’, ‘ರತಿ’ ಅನ್ನುವ ನಾಮಗಳು ಬಂದಾಗ ಅರ್ಥ ಹೇಳುವವರು ‘ಇವು ಬ್ಯಾಡ, ಮುಂದ ಹೋಗೋಣ’ ಅಂದರು. ಅಲ್ಲಿದ್ದ ಕಾಲೇಜು ಹುಡುಗಿಯೊಬ್ಬಳು ಸುಮ್ಮನಿರಲಿಲ್ಲ. ‘ದುಡ್ಡಿಗೆ ಲಕ್ಷ್ಮಿ, ವಿದ್ಯೆಗೆ ಸರಸ್ವತಿ, ಪ್ರೀತಿಗೆ ಯಾರು?’ ಎಂದು ಕೇಳಿದಳು. ಯಾರೂ ಉತ್ತರ ಕೊಡಲಿಲ್ಲ. ಮನೆಗೆ ಬಂದ ಮೇಲೆ ನಿಮಗೆ ಚಿಕ್ಕಂದಿನ ಹೋಳಿ ನೆನಪಾಯಿತು, ಕಾಮಣ್ಣನ ಪಕ್ಕ ಕೂತ ರತಿ ನೆನಪಾದಳು. ‘ಆಕಿ ಯಾವಾಗ್ಲೂ ಅಳೂದಕ್ಕಷ್ಟೇ ಏನು?’ ಎಂದು ಬರೆದಿದ್ದೀರಿ. ಆ ಒಂದು ಸಾಲು ನನ್ನನ್ನು ಹಿಡಿದು ನಿಲ್ಲಿಸಿತು.

ಮೊದಲು ರತಿಯ ಮಾತನ್ನೇ ಆಡೋಣ.

ರತಿಯ ಕಥೆ ನಮಗೆ ಸಿಗುವುದು ಹೆಚ್ಚಾಗಿ ಕಾಮದಹನದ ಕಥೆಯ ಒಳಗೇ. ತಾರಕಾಸುರನನ್ನು ಕೊಲ್ಲಲು ಶಿವನ ಮಗನೇ ಬೇಕು. ಶಿವನೋ ತಪಸ್ಸಿಗೆ ಕೂತಿದ್ದಾನೆ. ಇಂದ್ರ ಮನ್ಮಥನನ್ನು ಕಳಿಸುತ್ತಾನೆ. ಬಾಣ ಹೂಡುವಷ್ಟರಲ್ಲಿ ಶಿವ ಮೂರನೇ ಕಣ್ಣು ತೆರೆಯುತ್ತಾನೆ. ಮನ್ಮಥ ಬೂದಿಯಾಗುತ್ತಾನೆ. ಕಾಳಿದಾಸ ‘ಕುಮಾರಸಂಭವ’ದ ನಾಲ್ಕನೇ ಸರ್ಗವನ್ನು ಪೂರ್ತಿ ರತಿಯ ಗೋಳಿಗೆ ಬಿಟ್ಟುಕೊಟ್ಟಿದ್ದಾನೆ. ನಮ್ಮ ಹರಿಹರನ ‘ಗಿರಿಜಾಕಲ್ಯಾಣ’ದಲ್ಲೂ ಆಕೆಯ ಅಳುವಿದೆ. ಹೋಳಿಯ ದಿನ ಕಾಮಣ್ಣನಿಗೆ ಬೆಂಕಿ ಹಚ್ಚಿ ಗಂಡಸರೆಲ್ಲ ಬಾಯಿ ಬಡಿದುಕೊಂಡು ‘ಲಬೋ ಲಬೋ’ ಅನ್ನುತ್ತಾರಲ್ಲ, ಅದು ನನಗೆ ರತಿಯ ಅಳುವಿನ ಹಾಗೇ ಕೇಳುತ್ತದೆ. ಇಡೀ ಊರು ಒಂದು ಗಳಿಗೆ ಆಕೆಯಾಗಿ ಅಳುತ್ತದೆ.

ಆದರೆ ಕಥೆ ಅಲ್ಲಿಗೇ ನಿಲ್ಲುವುದಿಲ್ಲ ಅಕ್ಕಾ. ಕಾಳಿದಾಸನಲ್ಲೇ ಬೆಂಕಿಗೆ ಬೀಳಲು ಹೊರಟ ರತಿಯನ್ನು ಒಂದು ಆಕಾಶವಾಣಿ ತಡೆಯುತ್ತದೆ. ಶಿವ-ಪಾರ್ವತಿಯರ ಮದುವೆಯವರೆಗೆ ಜೀವ ಹಿಡಿದುಕೊಂಡಿರು, ನಿನ್ನ ಗಂಡ ಬರುತ್ತಾನೆ ಅನ್ನುತ್ತದೆ. ಅಲ್ಲಿಂದ ಮುಂದೆ ಆಕೆ ಕಾಯುವವಳಾಗುತ್ತಾಳೆ.

ಆ ಕಾಯುವಿಕೆಯ ಇನ್ನೊಂದು ಕಥೆ ಭಾಗವತದ ಹತ್ತನೇ ಸ್ಕಂಧದಲ್ಲಿದೆ. ನನಗೆ ತುಂಬಾ ಇಷ್ಟವಾದ ಭಾಗ ಅದು. ಮನ್ಮಥ ಕೃಷ್ಣ-ರುಕ್ಮಿಣಿಯರ ಮಗ ಪ್ರದ್ಯುಮ್ನನಾಗಿ ಹುಟ್ಟುತ್ತಾನೆ. ಹುಟ್ಟಿ ಹತ್ತು ದಿನವೂ ಆಗಿರುವುದಿಲ್ಲ, ಶಂಬರ ಅನ್ನುವ ಅಸುರ ಮಗುವನ್ನು ಕದ್ದು ಸಮುದ್ರಕ್ಕೆ ಎಸೆಯುತ್ತಾನೆ. ಒಂದು ದೊಡ್ಡ ಮೀನು ಅದನ್ನು ನುಂಗುತ್ತದೆ. ಬೆಸ್ತರು ಆ ಮೀನನ್ನು ಹಿಡಿದು ಶಂಬರನಿಗೇ ಕಾಣಿಕೆ ಕೊಡುತ್ತಾರೆ. ಅಡುಗೆಯವರು ಮೀನು ಸೀಳಿದರೆ ಒಳಗೆ ಜೀವಂತ ಮಗು!

ಆ ಅಡುಗೆಮನೆಯಲ್ಲಿ ಮಾಯಾವತಿ ಅನ್ನುವ ಹೆಸರಿನಲ್ಲಿ ಕೆಲಸಕ್ಕಿದ್ದವಳು ಯಾರು ಹೇಳಿ? ರತಿಯೇ. ಸುಟ್ಟುಹೋದ ಗಂಡ ಮತ್ತೆ ಮೈ ತಾಳಿ ಬರುವುದನ್ನು ಕಾಯುತ್ತಾ ಶತ್ರುವಿನ ಮನೆಯಲ್ಲಿ ಅನ್ನ ಬೇಳೆ ಬೇಯಿಸಿಕೊಂಡಿದ್ದಾಳೆ. ಪ್ರೇಮದ ದೇವತೆ ಒಲೆಯ ಮುಂದೆ ಕೂತಿದ್ದಾಳೆ, ಯಾರಿಗೂ ಗುರುತಿಲ್ಲ. ಈ ಮಗು ಯಾರು ಎಂದು ನಾರದ ಬಂದು ಹೇಳುತ್ತಾನೆ. ಆಕೆ ಸಾಕುತ್ತಾಳೆ. ಸಾಕಿದವಳೇ ಹೆಂಡತಿಯಾಗುವುದು ಓದುವವರ ಮನಸ್ಸಿಗೆ ಕಸಿವಿಸಿಯೇ. ಪ್ರದ್ಯುಮ್ನನಿಗೂ ಹಾಗೇ ಆಗಿ, ‘ಅಮ್ಮಾ, ನೀನು ತಾಯಿಯ ಹಾಗೆ ನಡೆದುಕೊಳ್ಳುತ್ತಿಲ್ಲವಲ್ಲ’ ಎಂದು ನೇರವಾಗಿ ಕೇಳುತ್ತಾನೆ. ಆಗ ಆಕೆ ಎಲ್ಲವನ್ನೂ ಹೇಳುತ್ತಾಳೆ. ಶಂಬರನನ್ನು ಗೆಲ್ಲಲು ಬೇಕಾದ ಮಾಯಾವಿದ್ಯೆಯನ್ನೂ ಆಕೆಯೇ ಕಲಿಸುತ್ತಾಳೆ. ಯುದ್ಧ ಮುಗಿದ ಮೇಲೆ ಅವನನ್ನು ಆಕಾಶದ ದಾರಿಯಲ್ಲಿ ದ್ವಾರಕೆಗೆ ಕರೆದುಕೊಂಡು ಬರುತ್ತಾಳೆ.

ನೋಡಿ, ಇಲ್ಲಿ ಕಾದವಳು ಆಕೆ, ಸಾಕಿದವಳು ಆಕೆ, ವಿದ್ಯೆ ಕಲಿಸಿದವಳು ಆಕೆ, ಮನೆ ಮುಟ್ಟಿಸಿದವಳೂ ಆಕೆ. ಹೋಳಿಯ ಅಳು ಆಕೆಯ ಕಥೆಯ ಮೊದಲ ಪುಟ ಮಾತ್ರ. ನಾವು ಅಷ್ಟನ್ನೇ ಓದಿ ಮಡಚಿಟ್ಟಿದ್ದೇವೆ ಅನ್ನಿಸುತ್ತದೆ.

ನಮ್ಮ ಕವಿಯೊಬ್ಬ ಆ ಪುಟವನ್ನೇ ಬದಲಾಯಿಸಿದ್ದಾನೆ. 13ನೇ ಶತಮಾನದ ಆಂಡಯ್ಯ. ಅವನ ‘ಕಬ್ಬಿಗರ ಕಾವ’ದಲ್ಲಿ ಸಂಸ್ಕೃತದ ಪದಗಳನ್ನು ಇದ್ದ ಹಾಗೇ ತರಬಾರದು ಎಂದು ಹಟ ಹಿಡಿದು ಬರೆದ. ಅವನ ಕಾವ, ಅಂದರೆ ಮನ್ಮಥ, ಶಿವನ ಎದುರು ಸುಮ್ನೆ ಸುಟ್ಟುಹೋಗುವುದಿಲ್ಲ. ತನ್ನ ಗೆಳೆಯ ಚಂದ್ರನನ್ನು ಶಿವ ಕದ್ದನೆಂದು ದಂಡೆತ್ತಿ ಹೋಗುತ್ತಾನೆ, ಬಾಣ ಬಿಟ್ಟು ಶಿವನನ್ನು ಅರ್ಧ ಹೆಣ್ಣಾಗಿಸುತ್ತಾನೆ. ಅಂಥ ಕಾವನ ಹೆಂಡತಿಗೆ ಆಂಡಯ್ಯ ಕೊಟ್ಟ ಹೆಸರು ‘ಇಚ್ಚೆಗಾರ್ತಿ’. ಬಾಯಿ ತುಂಬಾ ಒಮ್ಮೆ ಹೇಳಿ ನೋಡಿ ಅಕ್ಕಾ. ಇಚ್ಚೆ ಉಳ್ಳವಳು. ಆಸೆಯ ಒಡತಿ. ಇಷ್ಟು ಮುದ್ದಾದ ಕನ್ನಡದ ಹೆಸರನ್ನು ನಾವು ಯಾಕೆ ಮರೆತೆವೋ! ಈ ಹೆಸರನ್ನು ಇಲ್ಲೇ ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೇನೆ.

ಈಗ ನಿಮ್ಮ ಶುಕ್ರವಾರದ ಓದಿಗೆ.

ಆ ಹುಡುಗಿಯ ಪ್ರಶ್ನೆಗೆ ‘ರತಿ’ ಎಂದರೆ ಉತ್ತರ ಅರ್ಧ ಮಾತ್ರ ಆಗುತ್ತದೆ. ಪೂರ್ತಿ ಉತ್ತರ ನಿಮ್ಮ ಮುಂದಿದ್ದ ಪುಸ್ತಕದಲ್ಲೇ ಇತ್ತು. ಸಹಸ್ರನಾಮದ ಶುರುವಿನಲ್ಲೇ ಅಮ್ಮನ ನಾಲ್ಕು ಕೈಗಳ ವರ್ಣನೆ ಬರುತ್ತದೆ, ಅಲ್ವಾ? ಪಾಶ, ಅಂಕುಶ, ಆಮೇಲೆ ‘ಮನೋರೂಪೇಕ್ಷುಕೋದಂಡಾ ಪಂಚತನ್ಮಾತ್ರಸಾಯಕಾ’. ಇಕ್ಷು ಅಂದರೆ ಕಬ್ಬು, ಕೋದಂಡ ಅಂದರೆ ಬಿಲ್ಲು. ಮನಸ್ಸೇ ಆಕೆಯ ಕಬ್ಬಿನ ಬಿಲ್ಲು. ಶಬ್ದ, ಸ್ಪರ್ಶ, ರೂಪ, ರಸ, ಗಂಧ ಇವೇ ಐದು ಬಾಣ.

ಕಬ್ಬಿನ ಬಿಲ್ಲು ಯಾರದು? ಮನ್ಮಥನದು. ಐದು ಬಾಣ ಯಾರವು? ಅವೂ ಅವನವೇ. ತಾವರೆ, ಅಶೋಕ, ಮಾವಿನ ಹೂ, ಮಲ್ಲಿಗೆ, ನೈದಿಲೆ. ಅವನ ಆಯುಧಗಳೇ ಅಮ್ಮನ ಕೈಯಲ್ಲಿವೆ. ಕಂಚಿಯ ಕಾಮಾಕ್ಷಿಯ ಕೈಯಲ್ಲೂ ಅದೇ ಕಬ್ಬಿನ ಬಿಲ್ಲು. ಅಂದರೆ ನಮ್ಮ ಹಿರಿಯರು ಆಸೆಯನ್ನು ಒಬ್ಬ ಸಣ್ಣ ದೇವತೆಗೆ ವಹಿಸಿ ಮೂಲೆಗೆ ಕೂರಿಸಲಿಲ್ಲ. ಜಗತ್ತಿನ ತಾಯಿಯ ಕೈಗೇ ಕೊಟ್ಟರು.

ಅಷ್ಟೇ ಅಲ್ಲ. ‘ಹರನೇತ್ರಾಗ್ನಿಸಂದಗ್ಧಕಾಮಸಂಜೀವನೌಷಧಿಃ’ ಅನ್ನುವ ಉದ್ದ ನಾಮ ಬರುತ್ತದಲ್ಲ, ಉಸಿರು ಹಿಡಿದು ಓದಬೇಕು. ಹರನ ಕಣ್ಣಿನ ಬೆಂಕಿಯಲ್ಲಿ ಸುಟ್ಟ ಕಾಮನನ್ನು ಬದುಕಿಸಿದ ಸಂಜೀವನಿ ಅಮ್ಮನೇ ಎಂದು ಅರ್ಥ. ಅಪ್ಪ ಸಿಟ್ಟಿನಲ್ಲಿ ಸುಟ್ಟಿದ್ದನ್ನು ಅಮ್ಮ ಉಳಿಸಿದಳು.

ಇದರ ಹಿಂದಿನ ಕಥೆ ಬ್ರಹ್ಮಾಂಡ ಪುರಾಣದ ಲಲಿತೋಪಾಖ್ಯಾನದಲ್ಲಿದೆ. ಸಹಸ್ರನಾಮವೂ ಆ ಪುರಾಣದ್ದೇ, ಹಯಗ್ರೀವ ಅಗಸ್ತ್ಯನಿಗೆ ಹೇಳಿದ್ದು. ಮನ್ಮಥ ಸುಟ್ಟ ಜಾಗದಲ್ಲಿ ಬೂದಿ ಉಳಿದಿತ್ತು. ಶಿವಗಣದ ಒಬ್ಬ ಆ ಬೂದಿಯಲ್ಲಿ ಒಂದು ಬೊಂಬೆ ಮಾಡಿದ. ಶಿವನ ನೋಟ ಬಿದ್ದು ಅದಕ್ಕೆ ಜೀವ ಬಂತು. ಅವನೇ ಭಂಡಾಸುರ. ಅವನು ಲೋಕದ ಜೀವರಸವನ್ನೇ ಹೀರಿಬಿಟ್ಟ. ದೇವತೆಗಳು ಯಜ್ಞ ಮಾಡಿದಾಗ ಬೆಂಕಿಯಿಂದ ಲಲಿತೆ ಎದ್ದು ಬಂದಳು. ಭಂಡನನ್ನು ಕೊಂದಳು. ಆಮೇಲೆ ದೇವತೆಗಳು ವಿಧವೆಯಾಗಿ ನಿಂತಿದ್ದ ರತಿಯನ್ನು ಮುಂದೆ ತಂದು ನಿಲ್ಲಿಸಿದರು. ಅಮ್ಮ ಕಾಮನನ್ನು ಮತ್ತೆ ಬದುಕಿಸಿ ಅವಳಿಗೆ ಕೊಟ್ಟಳು.

ಈ ಕಥೆಯನ್ನು ನಾನು ಎಷ್ಟು ಸಲ ಓದಿದರೂ ಒಂದು ಕಡೆ ನಿಂತುಬಿಡುತ್ತೇನೆ. ಆಸೆ ಬದುಕಿದ್ದಾಗ ಅದು ರತಿಯ ಗಂಡ, ವಸಂತನ ಗೆಳೆಯ, ಗಿಳಿಯನ್ನೇರಿ ಬರುವವನು. ಅದನ್ನು ಸುಟ್ಟರೆ ಬೂದಿ ಉಳಿಯುತ್ತದೆ. ಆ ಬೂದಿಯಿಂದ ಹುಟ್ಟುವುದು ರಾಕ್ಷಸ. ಅರ್ಥ ಹೇಳುವಾಗ ‘ಕಾಮ’ ಅಂದ ಕೂಡಲೇ ಹೆದರಿ ಪುಟ ತಿರುಗಿಸುವವರಿಗೆ ಈ ಕಥೆ ಖಂಡಿತ ಹೇಳಬೇಕು. ಕಾಲೇಜಿಗೆ ಹೋಗುವ ಹುಡುಗಿಯ ಮುಂದಂತೂ ಹೇಳಲೇಬೇಕು. ಅವಳ ಮನಸ್ಸಿನಲ್ಲಿ ಏಳುವ ಆಸೆ ಕೊಳಕಲ್ಲ, ಅದಕ್ಕೂ ಒಬ್ಬಳು ತಾಯಿ ಇದ್ದಾಳೆ ಎಂದು ನಿಮ್ಮಂಥವರ ಬಾಯಿಂದ ಕೇಳಿದರೆ ಆ ಹುಡುಗಿಗೆ ಎಷ್ಟು ಧೈರ್ಯ ಬರಬಹುದು!

ಇನ್ನು ‘ರತಿರೂಪಾ’, ‘ರತಿಪ್ರಿಯಾ’ ಅನ್ನುವ ನಾಮಗಳು. ಅಲ್ಲಿ ಅಮ್ಮ ರತಿಯೇ ಆಗಿದ್ದಾಳೆ. ‘ಶೃಂಗಾರರಸಸಂಪೂರ್ಣಾ’ ಎಂದೂ ಇದೆ. ಮತ್ತೆ ‘ಇಚ್ಛಾಶಕ್ತಿಜ್ಞಾನಶಕ್ತಿಕ್ರಿಯಾಶಕ್ತಿಸ್ವರೂಪಿಣೀ’. ಇಲ್ಲಿ ಸಾಲು ಗಮನಿಸಿ. ಮೊದಲು ಇಚ್ಛೆ, ಆಮೇಲೆ ಜ್ಞಾನ, ಕೊನೆಗೆ ಕ್ರಿಯೆ. ಬೇಕು ಅನ್ನಿಸದೆ ತಿಳಿಯುವುದೂ ಇಲ್ಲ, ಮಾಡುವುದೂ ಇಲ್ಲ. ಋಗ್ವೇದದ ನಾಸದೀಯ ಸೂಕ್ತದಲ್ಲೂ ಇದೇ ಮಾತಿದೆ. ಏನೂ ಇಲ್ಲದ ಕತ್ತಲಲ್ಲಿ ‘ಕಾಮಸ್ತದಗ್ರೇ ಸಮವರ್ತತಾಧಿ’ ಎನ್ನುತ್ತದೆ, ಮನಸ್ಸಿನ ಮೊದಲ ಬೀಜವಾಗಿ ಮೂಡಿದ್ದು ಕಾಮ. ಆ ಇಚ್ಛೆಯ ಒಡತಿಯನ್ನೇ ಅಲ್ಲವೇ ನಮ್ಮ ಆಂಡಯ್ಯ ಇಚ್ಚೆಗಾರ್ತಿ ಎಂದು ಕರೆದದ್ದು? ಅವನು ಸಹಸ್ರನಾಮ ನೋಡಿ ಹೆಸರಿಟ್ಟ ಎಂದು ನಾನು ಹೇಳುತ್ತಿಲ್ಲ. ಎರಡೂ ಮಾತು ಒಂದೇ ಅಂಗಳಕ್ಕೆ ಬಂದು ಸೇರಿವೆ, ಅಷ್ಟೇ ನನ್ನ ಸಂತೋಷ.

ನಿಮ್ಮ ಗುಂಪಿನ ಒಬ್ಬರು ‘ಶರಣರ ನಾಡಿನ್ಯಾಗ ಇಂಥಾ ಮಾತು ಸಲ್ಲೂದಿಲ್ಲ’ ಅಂದರಂತೆ. ಅವರ ಮಾತಿನಲ್ಲೂ ಸತ್ಯವಿದೆ. ‘ಮನದ ಮುಂದಣ ಆಸೆಯೆ ಮಾಯೆ’ ಎಂದ ಅಲ್ಲಮ. ಆದರೆ ಅದೇ ವಚನದಲ್ಲಿ ‘ಹೆಣ್ಣು ಮಾಯೆಯೆಂಬರು ಹೆಣ್ಣು ಮಾಯೆಯಲ್ಲ’ ಎಂದೂ ಅವನೇ ಹೇಳಿದ. ತಪ್ಪನ್ನು ಹೆಣ್ಣಿನ ತಲೆಗೆ ಕಟ್ಟಬೇಡಿ ಎಂದ. ಆಸೆ ನಮ್ಮನ್ನು ಆಳಬಾರದು ಅನ್ನುವುದು ಒಂದು ಮಾತು. ಅದರ ಹೆಸರೆತ್ತುವುದೇ ಪಾಪ ಅನ್ನುವುದು ಬೇರೆ ಮಾತು. ಅಲ್ಲಮ ಹೆಸರೆತ್ತಿಯೇ ಮಾತಾಡಿದ.

ಇನ್ನೊಂದು ಜಾಗದ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಅಸ್ಸಾಮಿನ ಗುವಾಹಟಿಯಲ್ಲಿ ನೀಲಾಚಲ ಅನ್ನುವ ಗುಡ್ಡವಿದೆ. ಅದರ ಮೇಲೆ ಕಾಮಾಖ್ಯೆಯ ಗುಡಿ. ಸುಟ್ಟುಹೋದ ಕಾಮ ತನ್ನ ರೂಪವನ್ನು ಮತ್ತೆ ಪಡೆದದ್ದು ಆ ಸೀಮೆಯಲ್ಲಿ, ಅದಕ್ಕೇ ಆ ನಾಡಿಗೆ ಕಾಮರೂಪ ಅನ್ನುವ ಹೆಸರು ಎನ್ನುತ್ತಾರೆ. ಈಗಿನ ಗುಡಿಯನ್ನು ಕೋಚ್ ಅರಸು ನರನಾರಾಯಣ 1565ರಲ್ಲಿ ಕಟ್ಟಿಸಿದ. ಗರ್ಭಗುಡಿಯಲ್ಲಿ ವಿಗ್ರಹ ಇಲ್ಲ. ಬಂಡೆಯಲ್ಲಿ ಯೋನಿಯಾಕಾರದ ಒಂದು ಸೀಳು, ಅದರಲ್ಲಿ ಸದಾ ಒಸರುವ ನೀರು. ಅದಕ್ಕೇ ಪೂಜೆ. ಜೂನ್ ತಿಂಗಳ ಅಂಬುಬಾಚಿಯಲ್ಲಿ ಅಮ್ಮ ಮುಟ್ಟಾಗುತ್ತಾಳೆ ಎಂದು ಮೂರು ದಿನ ಬಾಗಿಲು ಹಾಕುತ್ತಾರೆ. ಆ ದಿನಗಳಲ್ಲಿ ನೆಲ ಉಳುವುದಿಲ್ಲ. ಬಾಗಿಲು ತೆರೆದ ಮೇಲೆ ಕೆಂಪು ಬಟ್ಟೆಯ ತುಂಡು ಪ್ರಸಾದ.

ದೂರದ ಮಾತು ಅನ್ನಿಸಬಹುದು. ಆದರೆ ನಮ್ಮ ತುಳುನಾಡಿನ ಕೆಡ್ಡಸವೂ ಹೀಗೇ. ಭೂಮಿತಾಯಿ ಮುಟ್ಟಾದಳೆಂದು ಮೂರು ದಿನ ನೆಲ ಅಗೆಯುವುದಿಲ್ಲ, ಕೊನೆಯ ದಿನ ಹೆಂಗಸರು ನೆಲಕ್ಕೆ ಎಣ್ಣೆ ಬಿಟ್ಟು ತಾಯಿಗೆ ಮೀಯಿಸುತ್ತಾರೆ. ಹೆಣ್ಣಿನ ಮೈಯನ್ನು ನಾಚಿಕೆಯ ವಸ್ತು ಮಾಡದ ಹಬ್ಬಗಳು ನಮ್ಮ ಮನೆಯ ಹತ್ತಿರವೇ ಇವೆ. ಗುಡಿಯ ಬಾಗಿಲಲ್ಲೂ ಹಾಗೇ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಬೇಲೂರಿನ ಚೆನ್ನಕೇಶವನ ಪೂರ್ವದ ಬಾಗಿಲಿಗೆ ಹೋದರೆ ಇಕ್ಕೆಲದಲ್ಲಿ ರತಿ ಮನ್ಮಥರೇ ನಿಂತಿದ್ದಾರೆ. ಅವರ ನಡುವೆ ದಾಟಿಯೇ ದೇವರ ಹತ್ತಿರ ಹೋಗಬೇಕು.

ಹಾಗಾಗಿ ಅಕ್ಕಾ, ಮುಂದಿನ ಶುಕ್ರವಾರ ಆ ನಾಮಗಳನ್ನು ಬಿಡಬೇಡಿ. ಅರ್ಥ ಹೇಳುವವರಿಗೆ ಮುಜುಗರವಾದರೆ ನೀವೇ ಹೇಳಿ. ಜಾಸ್ತಿ ಏನೂ ಬೇಡ. ಮಾಯಾವತಿಯ ಅಡುಗೆಮನೆಯ ಕಥೆ ಹೇಳಿ, ಬೂದಿಯ ಬೊಂಬೆಯ ಕಥೆ ಹೇಳಿ. ಆ ಹುಡುಗಿಗೆ ಇಚ್ಚೆಗಾರ್ತಿ ಅನ್ನುವ ಹೆಸರನ್ನೂ ಹೇಳಿಕೊಡಿ.

ಕೊನೆಗೆ ನಿಮ್ಮಿಂದ ಒಂದು ಉಪಕಾರ ಬೇಕು. ನಿಮ್ಮ ರಾಣೇಬೆನ್ನೂರಿನ ಕಡೆ ಹೋಳಿಯಲ್ಲಿ ಜೀವಂತ ರತಿ-ಕಾಮಣ್ಣರನ್ನು ಕೂರಿಸುತ್ತಾರೆ, ಅವರನ್ನು ನಗಿಸಿದವರಿಗೆ ಬಹುಮಾನ. ನಿಮ್ಮ ಚಿಕ್ಕಪ್ಪ ಸೀರೆಯುಟ್ಟು ರತಿಯಾಗಿ ಕೂತಿದ್ದರು, ಇಡೀ ಓಣಿ ಬಂದು ಏನೆಲ್ಲ ಮಾಡಿದರೂ ಅವರು ನಗಲಿಲ್ಲ ಎಂದು ಬರೆದಿದ್ದೀರಿ. ಅಷ್ಟಕ್ಕೇ ನಿಲ್ಲಿಸಿದ್ದೀರಿ. ಹುಣ್ಣಿಮೆ ಮುಗಿದು ಕಾಮಣ್ಣನ ಬೂದಿ ಆರಿದ ಮೇಲೆ, ಆ ಸೀರೆ ಬಿಚ್ಚಿಟ್ಟು ಮನೆಗೆ ಬಂದಾಗ ಅವರು ಏನು ಹೇಳಿದರು? ಅಷ್ಟು ಹೊತ್ತು ರತಿಯಾಗಿ ಕೂತದ್ದರ ಬಗ್ಗೆ ಮನೆಯಲ್ಲಿ ಎಂದಾದರೂ ಮಾತಾಡಿದರೇ? ಬರೆದು ಕಳಿಸಿ. ಹೋಳಿಯ ಸಂಚಿಕೆಯಲ್ಲಿ ನಿಮ್ಮ ಆ ಪತ್ರಕ್ಕೆ ಜಾಗ ಇಟ್ಟಿರುತ್ತೇನೆ.

ಇಂತಿ ನಿಮ್ಮ ತಮ್ಮ,
ಸಂಪಾದಕ