ಪುಣೆಯಲ್ಲಿ ಬಂದಾ ರೂಪಾಯಿ ಕೊಳ್ಳುತ್ತಿದ್ದ ಬಗೆ

ಆನ್‌ಲೈನ್ ಬರುವ ಮೊದಲು ಪುಣೆಯ ಕನ್ನಡದವರು ಬೆಳ್ಳಿ ನಾಣ್ಯ ಎಲ್ಲಿ ಕೊಳ್ಳುತ್ತಿದ್ದಿರಿ, ಮೋಸ ಹೋಗುತ್ತಿರಲಿಲ್ಲವೇ ಎಂದು ಕೇಳಿದ್ದೀರಿ. ನಾನು ಅಕ್ಕಲಕೋಟ ಕಡೆಯವನು, ಪುಣೆಗೆ ಬಂದು ನೆಲೆಸಿದವನು. ನಮ್ಮ ಮನೆಗಳಲ್ಲಿ ಬೆಳ್ಳಿ ನಾಣ್ಯದಲ್ಲಿ ಎರಡು ಜಾತಿ. ರಾಣಿ ಇಲ್ಲವೇ ರಾಜನ ತಲೆ ಇರುವ ಬ್ರಿಟಿಷರ ಕಾಲದ ಬಂದಾ ರೂಪಾಯಿ ಒಂದು, ಸರಾಫರು ಹೊಸದಾಗಿ ಹೊಡೆಸಿದ ಲಕ್ಷ್ಮಿ ಛಾಪಿನ ನಾಣ್ಯ ಇನ್ನೊಂದು. ಎರಡರ ಪೇಟೆ ಬೇರೆ, ಪರೀಕ್ಷೆ ಬೇರೆ.

ಮಾನವಿದ್ದದ್ದು ಬಂದಾ ರೂಪಾಯಿಗೆ. ಹಸುಗೂಸಿನ ಮುಖ ನೋಡಿದರೆ ಅದೇ, ಮನೆಯ ಪಾಯಾ ಹಾಕುವಾಗ ಅದೇ, ದೀಪಾವಳಿ ಅಮಾವಾಸ್ಯೆಯ ಲಕ್ಷ್ಮೀಪೂಜೆಗೂ ಅದೇ. ದೇವರ ಬೆಳ್ಳಿ ಮುಖ ಮಾಡಿಸುವುದಿದ್ದರೂ ಹಿರಿಯರು ಪತ್ತಾರನ ಮುಂದೆ ಬಂದಾ ರೂಪಾಯಿಗಳನ್ನೇ ಎಣಿಸಿಡುತ್ತಿದ್ದರು. ಅದರಲ್ಲಿ ಬೆಳ್ಳಿ ಎಷ್ಟಿದೆ ಎಂಬುದರಲ್ಲಿ ವಾದವೇ ಇರಲಿಲ್ಲ. ತೂಕ 11.66 ಗ್ರಾಂ, ಅದರಲ್ಲಿ ನೂರಕ್ಕೆ 91.7ರಷ್ಟು ಬೆಳ್ಳಿ. 11.66 ಗ್ರಾಂ ಎಂದರೆ ಸರಿಯಾಗಿ ಒಂದು ತೊಲ. ಹಾಗಾಗಿ ಹಳೆಯ ಪತ್ತಾರರ ತಕ್ಕಡಿಯಲ್ಲಿ ರೂಪಾಯಿಯೇ ತೂಕದ ಕಲ್ಲೂ ಆಗಿತ್ತು. ಗ್ರಾಂ ಲೆಕ್ಕ ಬಂದ ಮೇಲೂ ಬಹಳ ದಿನ ಆ ರೂಢಿ ಬಿಡಲಿಲ್ಲ.

ಗಡಿಯ ಮಂದಿಗೆ ಇನ್ನೊಂದು ತಿಳಿವಳಿಕೆಯೂ ಬೇಕಿತ್ತು. ನಮ್ಮ ಊರುಗಳಿಂದ ಕೆಲವೇ ಮೈಲು ಆಚೆ ಆಳಂದ, ಅಫಜಲಪುರ. ಅದು ಆಗ ನಿಜಾಮನ ಸೀಮೆ, ಅಲ್ಲಿ ನಡೆಯುತ್ತಿದ್ದದ್ದು ಚಾರ್‌ಮಿನಾರ್ ಇರುವ ಹಾಲಿ ಸಿಕ್ಕಾ. ಈಚೆ ನಡೆಯುತ್ತಿದ್ದದ್ದು ಬ್ರಿಟಿಷರ ಕಲ್ದಾರ, ಅಂದರೆ ಇದೇ ಬಂದಾ ರೂಪಾಯಿ. ಹಾಲಿ ಸಿಕ್ಕಾದ ತೂಕವೂ ಕಡಿಮೆ, ಬೆಳ್ಳಿಯೂ ಕಡಿಮೆ. ಹೊಲ ಒಂದು ಕಡೆ, ಬೀಗರು ಇನ್ನೊಂದು ಕಡೆ ಇದ್ದ ಮನೆಗಳ ಪೆಟ್ಟಿಗೆಯಲ್ಲಿ ಎರಡೂ ಕಲೆತಿರುತ್ತಿದ್ದವು. ಓದು ಬಾರದ ಅಜ್ಜಿಯಂದಿರು ಕತ್ತಲಲ್ಲಿ ಕೈಯಾಡಿಸಿಯೇ ಅವನ್ನು ಬೇರೆ ಮಾಡುತ್ತಿದ್ದರು.

ಪುಣೆಯಲ್ಲಿ ಬಂದಾ ರೂಪಾಯಿ ಬೇಕಾದರೆ ಮೊದಲ ದಾರಿ ರವಿವಾರ ಪೇಟೆ, ಸೋನ್ಯಾ ಮಾರುತಿ ಚೌಕದ ಆಸುಪಾಸಿನ ಸರಾಫರು. ಯಾರೋ ಮಾರಿಹೋದ ರೂಪಾಯಿಗಳು ಅವರ ಗಲ್ಲೆಯ ಹಿಂದಿನ ಡಬ್ಬಿಯಲ್ಲಿ ಇರುತ್ತಿದ್ದವು. ಕೇಳಿದರೆ ಮಾತ್ರ ತೆಗೆಯುತ್ತಿದ್ದರು. ನಮ್ಮ ಅತ್ತಿ ಅಲ್ಲಿ ಕೂತು ಆರಿಸುವುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಎಡಗೈ ಬೆರಳ ತುದಿಯ ಮೇಲೆ ಒಂದು ರೂಪಾಯಿ ನಿಲ್ಲಿಸಿ, ಇನ್ನೊಂದರ ಅಂಚಿನಿಂದ ಮೆಲ್ಲಗೆ ತಟ್ಟಿ ಕಿವಿಗೆ ಹಿಡಿಯುತ್ತಿದ್ದಳು. ನಾದ ತುಸು ಹೊತ್ತು ಎಳೆದರೆ ಸರಿ. ತಟ್ಟಿದ ಕೂಡಲೇ ಸತ್ತುಹೋದರೆ, ಸರಾಫನಿಗೆ ಮರಾಠಿಯಲ್ಲಿ ಇನ್ನೊಂದು ತೋರಿಸಿ ಎಂದು ಹೇಳಿ, ನನ್ನ ಕಡೆ ತಿರುಗಿ "ಅದು ಬ್ಯಾಡೋ ತಮ್ಮಾ, ದನಿ ಇಲ್ಲ ಅದಕ್ಕ" ಅನ್ನುತ್ತಿದ್ದಳು. ಆಮೇಲೆ ಅಂಚು. ಅಚ್ಚಿನಲ್ಲಿ ಸುರಿದ ನಕಲಿ ರೂಪಾಯಿಗೆ ಅಂಚಿನಲ್ಲಿ ಬೆಸುಗೆಯಂಥ ಗೆರೆ ಉಳಿದಿರುತ್ತದೆ, ಗೀರುಗಳು ಮೊಂಡಾಗಿರುತ್ತವೆ. ಸರ ಮಾಡಿಸಲು ಕೊಂಡಿ ಕೂಡಿಸಿ ಆಮೇಲೆ ಕಿತ್ತ ರೂಪಾಯಿಯನ್ನೂ ಅವಳು ಬಿಡುತ್ತಿದ್ದಳು. ಬೆಸುಗೆಯ ಲೋಹಕ್ಕೆ ಬೆಳ್ಳಿಯ ದುಡ್ಡು ಯಾಕೆ ಕೊಡಬೇಕು?

ಕೊನೆಗೆ ಇಸವಿ. ಅದನ್ನು ಓದುವ ಕೆಲಸ ನನ್ನದು. 1940ರಿಂದ ಸರ್ಕಾರ ರೂಪಾಯಿಯ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿತು, 1947ರ ಹೊತ್ತಿಗೆ ರೂಪಾಯಿ ನಿಕ್ಕಲ್‌ದಾಗಿತ್ತು. ಆರನೇ ಜಾರ್ಜ್‌ನ ತಲೆ ಕಂಡರೆ ಇಸವಿ ನೋಡದೆ ದುಡ್ಡು ಕೊಡುತ್ತಿರಲಿಲ್ಲ. ಈ ಅರ್ಧ ಬೆಳ್ಳಿಯ ರೂಪಾಯಿಯ ಅಂಚಿನ ನಡುವೆ ಒಂದು ಸಣ್ಣ ಕಾಲುವೆ ಸುತ್ತಿ ಬಂದಿರುತ್ತದೆ, ಇಸವಿ ಸವೆದಿದ್ದರೆ ಅದನ್ನು ನೋಡಬೇಕು. ವಿಕ್ಟೋರಿಯಾ, ಏಳನೇ ಎಡ್ವರ್ಡ್, ಐದನೇ ಜಾರ್ಜ್ ಮೂವರದೂ ನಿಶ್ಚಿಂತೆ.

ಎರಡನೆಯ ದಾರಿ ಮಂಗಳವಾರ ಪೇಟೆಯ ಜೂನಾ ಬಜಾರು. ಬುಧವಾರ ಮತ್ತು ಭಾನುವಾರ ನೆಲದ ಮೇಲೆ ಬಟ್ಟೆ ಹಾಸಿ ಹಳೆ ಬೀಗ, ಗಡಿಯಾರ, ತಾಮ್ರದ ಹಂಡೆಗಳ ನಡುವೆ ನಾಣ್ಯ ಸುರಿದಿರುತ್ತಾರೆ. ಪೇಶ್ವೆ ಕಾಲದ ಅಂಕುಶಿ ರೂಪಾಯಿ ಎಂದು ತೋರಿಸುವವರೂ ಇರುತ್ತಾರೆ. ನನಗೆ ಆ ಜಾಗ ಬಹಳ ಇಷ್ಟ, ಆದರೆ ಪೂಜೆಗೆಂದು ಕೊಳ್ಳುವವರನ್ನು ಅಲ್ಲಿಗೆ ಕಳಿಸುವುದಿಲ್ಲ. ಪಾವತಿ, ಅಂದರೆ ರಸೀದಿ ಇಲ್ಲ, ಮರುದಿನ ಆ ಮನುಷ್ಯ ಅದೇ ಜಾಗದಲ್ಲಿ ಸಿಗುವ ಖಾತ್ರಿಯೂ ಇಲ್ಲ. ಹೆಸರಿಗಷ್ಟೇ ಬೆಳ್ಳಿಯಾದ ಜರ್ಮನ್ ಬೆಳ್ಳಿಯ ನಕಲಿಗಳು ಹೆಚ್ಚಾಗಿ ಕೈ ಬದಲಾಗುವುದು ಇಂಥಲ್ಲಿಯೇ.

ಹೊಸ ಛಾಪಿನ ನಾಣ್ಯಕ್ಕೆ ಲಕ್ಷ್ಮೀ ರಸ್ತೆ. ದಸರಾ, ಪಾಡ್ಯ, ಗುರುಪುಷ್ಯಾಮೃತದ ದಿನ ಅಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಹಿಂದಿನ ದಿನದ ದರ ಬೆಳಗಿನ ಪತ್ರಿಕೆಯಲ್ಲಿ, ಆ ದಿನದ್ದು ಅಂಗಡಿಯ ಕರಿ ಹಲಗೆಯ ಮೇಲೆ: ಚಿನ್ನಕ್ಕೆ 10 ಗ್ರಾಂಗೆ, ಬೆಳ್ಳಿಗೆ ಕಿಲೋಗೆ. ಅದನ್ನು ಭಾಗಿಸಿ, ಮಜೂರಿ ಕೂಡಿಸಿ, ನಾಣ್ಯವನ್ನು ಗುಲಾಬಿ ಕಾಗದದಲ್ಲಿ ಮಡಚಿ ಕೊಡುತ್ತಿದ್ದರು. ಬೆಳ್ಳಿಗೆ ಹಾಲ್‌ಮಾರ್ಕ್ ಬಂದದ್ದೇ 2005ರಲ್ಲಿ. ಅದಕ್ಕೂ ಮೊದಲು 999, ಅಂದರೆ ಸಾವಿರಕ್ಕೆ 999 ಪಾಲು ಬೆಳ್ಳಿ, ಎಂದು ನಾಣ್ಯದ ಮೇಲೆ ಬರೆದಿದ್ದರೆ ಅದು ಸರಾಫನ ಮಾತು ಅಷ್ಟೇ. ಆ ಮಾತಿಗೆ ಬೆಲೆ ಬರುತ್ತಿದ್ದದ್ದು ಮರಳಿ ಮಾರುವಾಗ. ಕೊಂಡ ಅಂಗಡಿಗೇ ಪಾವತಿ ಸಮೇತ ಒಯ್ದರೆ ಅಂದಿನ ದರ ಸಿಗುತ್ತಿತ್ತು, ಬೇರೆಯವರು ಕಡಿತ ಹಾಕುತ್ತಿದ್ದರು. ಹೀಗಾಗಿ ಒಂದು ಮನೆ ಒಂದೇ ಸರಾಫನನ್ನು ಹಿಡಿದು ತಲೆಮಾರುಗಟ್ಟಲೆ ನಡೆಯಿತು. ಕೂಲಿಗೆಂದು ಇಂಡಿ, ಅಫಜಲಪುರದಿಂದ ಬಂದವರು ಮಾತ್ರ ಇಲ್ಲಿ ಕೊಳ್ಳದೆ ಊರಿನ ಜಾತ್ರೆಗೆ ಹೋದಾಗ ತಮ್ಮ ಪತ್ತಾರನ ಬಳಿಯೇ ಕೊಳ್ಳುತ್ತಿದ್ದರು. ಅವರ ಲೆಕ್ಕ ತಪ್ಪೆಂದು ನನಗೆ ಎಂದೂ ಅನ್ನಿಸಿಲ್ಲ.

ಒಮ್ಮೆಲೇ ದುಡ್ಡು ಇಲ್ಲದವರಿಗೆ ಭಿಶಿ ಇತ್ತು. ತಿಂಗಳು ತಿಂಗಳು ಸರಾಫನಲ್ಲಿ ಕಟ್ಟಿ ಕಾರ್ಡಿನ ಮೇಲೆ ಸಹಿ ಹಾಕಿಸಿಕೊಳ್ಳುವುದು. ಹನ್ನೊಂದು ಕಂತು ನಮ್ಮದು, ಹನ್ನೆರಡನೆಯದು ಅಂಗಡಿಯದು ಎಂಬ ಪದ್ಧತಿ ಹಲವೆಡೆ ಇತ್ತು. ಮನೆಗೆಲಸಕ್ಕೆ ಹೋಗುವ ನಮ್ಮ ಕಡೆಯ ಹೆಣ್ಣುಮಕ್ಕಳು ದೀಪಾವಳಿಯ ನಾಣ್ಯವನ್ನು ಹೀಗೇ ಕೂಡಿಸಿದ್ದು.

ಸಂಗ್ರಹದ ಹುಚ್ಚಿನವರ ದಾರಿ ಮುಂಬೈ ಟಂಕಸಾಲೆಗೆ. ಸರ್ಕಾರ ಸ್ಮಾರಕ ನಾಣ್ಯ ಹೊರಡಿಸಿದಾಗ ಪತ್ರಿಕೆಯಲ್ಲಿ ಪ್ರಕಟಣೆ ಬರುತ್ತಿತ್ತು. ಅರ್ಜಿ ತುಂಬಿ, ಡಿಮಾಂಡ್ ಡ್ರಾಫ್ಟ್ ಜೊತೆ ಅಂಚೆಗೆ ಹಾಕಿ ತಿಂಗಳುಗಟ್ಟಲೆ ಕಾಯುವುದು. 1969ರ ಗಾಂಧೀಜಿಯ 10 ರೂಪಾಯಿ ನಾಣ್ಯ, 15 ಗ್ರಾಂ, ನೂರಕ್ಕೆ 80 ಬೆಳ್ಳಿ, ಇಂದಿಗೂ ಎಷ್ಟೋ ಮನೆಗಳಲ್ಲಿದೆ.

ನಿಮ್ಮ ಅಜ್ಜಿಯ ಪೆಟ್ಟಿಗೆಯಲ್ಲಿ ನಾಲ್ಕು ರೂಪಾಯಿ ಸಿಕ್ಕಿವೆ ಎಂದೂ ಬರೆದಿದ್ದೀರಿ. ಹುಣಸೆಹಣ್ಣು, ರಂಗೋಲಿ ಪುಡಿ ಹಾಕಿ ಉಜ್ಜಬೇಡಿ. ಹಬ್ಬಕ್ಕೆ ಹೊಳೆಯಲಿ ಎಂದು ಉಜ್ಜಿದ ನಾಣ್ಯಕ್ಕೆ ಸಂಗ್ರಾಹಕರು ಬರೀ ಬೆಳ್ಳಿಯ ಬೆಲೆ ಕೊಡುತ್ತಾರೆ. ಇಸವಿ, ಅಂಚು, ತೂಕ ಬರೆದು ಕಳಿಸಿ, ನೋಡಿ ಹೇಳುತ್ತೇನೆ.