ಭಾರತ ಫುಟ್‌ಬಾಲ್ ಕೋಚ್ ಕರೆದರೂ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಕ್ಲಬ್‌ಗಳು ಆಟಗಾರರನ್ನು ಯಾಕೆ ಬಿಡುವುದಿಲ್ಲ? ಇಷ್ಟು ದೊಡ್ಡ ಲೀಗ್ ಇದ್ದೂ ನಮಗೆ ಸ್ಟ್ರೈಕರ್ ಯಾಕೆ ಸಿಗುತ್ತಿಲ್ಲ?

ದಾವಣಗೆರೆಯಿಂದ ನೀವು ಕೇಳಿರುವುದು ಎರಡು ಪ್ರಶ್ನೆ. ದೇಶದ ತಂಡಕ್ಕೆ ಕರೆ ಬಂದರೂ ಆಟಗಾರರನ್ನು ತಡೆದುಕೊಳ್ಳುವ ಅಧಿಕಾರ ಕ್ಲಬ್‌ಗಳಿಗೆ ಎಲ್ಲಿಂದ ಬಂತು ಅನ್ನುವುದು ಒಂದು. ಲೀಗ್‌ನಲ್ಲಿ ಅಷ್ಟೊಂದು ಗೋಲು ಬೀಳುವಾಗ ಭಾರತಕ್ಕೆ ಗೋಲು ಹೊಡೆಯುವವನೇ ಯಾಕಿಲ್ಲ ಅನ್ನುವುದು ಇನ್ನೊಂದು. ಎರಡಕ್ಕೂ ಬೇರು ಒಂದೇ. ದೇಶದ ಕೋಚ್‌ಗೆ ಸ್ವಂತ ಆಟಗಾರ ಅಂತ ಒಬ್ಬನೂ ಇಲ್ಲ. ಯಾರು ಎಲ್ಲಿ ಆಡಬೇಕು, ಎಷ್ಟು ನಿಮಿಷ ಆಡಬೇಕು, ಯಾವಾಗ ಖಾಲಿ ಇರಬೇಕು ಅನ್ನುವುದನ್ನೆಲ್ಲ ಅವರ ಕೈಗೆ ಪಟ್ಟಿ ಬರುವ ಮೊದಲೇ ಕ್ಲಬ್ ಮತ್ತು ಲೀಗ್ ತೀರ್ಮಾನ ಮಾಡಿರುತ್ತವೆ.

ಮೊದಲು ಕ್ರಿಕೆಟ್ ಲೆಕ್ಕವನ್ನು ಪಕ್ಕಕ್ಕಿಡಿ. ನಮ್ಮ ‘ದಾವಣಗೆರೆ ಎಕ್ಸ್‌ಪ್ರೆಸ್’ ವಿನಯ್ ಕುಮಾರ್ ರಣಜಿ ಆಡಿದರು, ಐಪಿಎಲ್ ಆಡಿದರು, ಭಾರತಕ್ಕೂ ಆಡಿದರು. ಈ ಮೂರರ ಕ್ಯಾಲೆಂಡರ್ ಬರೆಯುವುದೂ ಬಿಸಿಸಿಐ. ಫುಟ್‌ಬಾಲಿನಲ್ಲಿ ಆಟಗಾರ ಕ್ಲಬ್‌ನ ನೌಕರ. ತಿಂಗಳ ಸಂಬಳ ಕ್ಲಬ್‌ನದು, ಕರಾರು ಕ್ಲಬ್ ಜೊತೆ. ದೇಶಕ್ಕೆ ಆಡಲು ಹೋದ ದಿನಗಳಲ್ಲೂ ಆ ಸಂಬಳ ನಡೆಯುತ್ತಲೇ ಇರುತ್ತದೆ, ಬಿಟ್ಟುಕೊಟ್ಟದ್ದಕ್ಕೆ ಕ್ಲಬ್ ಬಾಡಿಗೆ ಕೇಳುವಂತಿಲ್ಲ. ಇದು ಫಿಫಾ ನಿಯಮ.

ಅದೇ ನಿಯಮದಲ್ಲಿ ಕ್ಲಬ್ ಯಾವಾಗ ಬಿಡಲೇಬೇಕು ಅನ್ನುವುದೂ ಇದೆ. ಫಿಫಾ ವಿಂಡೋ ಅಂತ ಕರೆಯುತ್ತಾರಲ್ಲ, ಅದು ದೇಶದ ತಂಡಗಳ ಪಂದ್ಯಕ್ಕೆಂದೇ ಮೀಸಲಿಟ್ಟ, ಸೋಮವಾರ ಬೆಳಿಗ್ಗೆ ಶುರುವಾಗಿ ಮುಂದಿನ ವಾರದ ಮಂಗಳವಾರ ರಾತ್ರಿಗೆ ಮುಗಿಯುವ ಒಂಬತ್ತು ದಿನ. ವಿಂಡೋ ಶುರುವಾಗುವುದಕ್ಕೆ ಕನಿಷ್ಠ 15 ದಿನ ಮೊದಲು ಎಐಎಫ್‌ಎಫ್ (ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್) ಲಿಖಿತವಾಗಿ ಕರೆ ಕಳಿಸಿದರೆ ಕ್ಲಬ್ ಬಿಡಲೇಬೇಕು. ಗಾಯದ ಕಾರಣ ಕೊಟ್ಟರೆ ಫೆಡರೇಷನ್ ತನ್ನ ವೈದ್ಯರಿಂದ ಪರೀಕ್ಷೆ ಮಾಡಿಸಬಹುದು. ಗಾಯವಿಲ್ಲದೆ ಬರದೆ ಉಳಿದ ಆಟಗಾರ ಆ ಅವಧಿಯಲ್ಲೂ, ಅದು ಮುಗಿದ ಮೇಲೆ ಐದು ದಿನವೂ ಕ್ಲಬ್‌ಗೆ ಆಡುವಂತಿಲ್ಲ. ಏಷ್ಯನ್ ಕಪ್‌ನಂಥ ಅಂತಿಮ ಟೂರ್ನಿಗೂ ಬಿಡುವುದು ಕಡ್ಡಾಯ. ಇಷ್ಟರ ಆಚೆಗೆ ಕೋಚ್ ಕೇಳುವ ಒಂದೊಂದು ದಿನವೂ ಕ್ಲಬ್‌ನ ಮರ್ಜಿ. ನೀವು ಪೇಪರಿನಲ್ಲಿ ಓದುವ ಜಗಳಗಳಲ್ಲಿ ಹೆಚ್ಚಿನವು ಈ ಆಚೆಗಿನ ದಿನಗಳ ಜಗಳ.

2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್ ತೆಗೆದುಕೊಳ್ಳಿ. ಏಷ್ಯನ್ ಗೇಮ್ಸ್ ಫುಟ್‌ಬಾಲ್ ಕಡ್ಡಾಯದ ಪಟ್ಟಿಯಲ್ಲಿ ಬರುವುದಿಲ್ಲ. ಭಾರತದ ಮೊದಲ ಪಂದ್ಯ ಸೆಪ್ಟೆಂಬರ್ 19ಕ್ಕೆ, ಐಎಸ್‌ಎಲ್ ಶುರು ಸೆಪ್ಟೆಂಬರ್ 21ಕ್ಕೆ. ಕ್ಲಬ್‌ಗಳು ಬಿಡಲು ಒಪ್ಪದೆ ಪಟ್ಟಿ ಮೇಲಿಂದ ಮೇಲೆ ಬದಲಾಯಿತು. ಕೊನೆಗೆ ಆಗಿನ ಭಾರತ ಕೋಚ್ ಇಗೊರ್ ಸ್ಟಿಮಾಚ್ ಕೈಗೆ ಸಿಕ್ಕವರನ್ನು ಕಟ್ಟಿಕೊಂಡು ಪಂದ್ಯದ ಹಿಂದಿನ ದಿನ ಹಾಂಗ್‌ಝೌ ಮುಟ್ಟಿದರು. ಚೀನಾ ವಿರುದ್ಧ ಮೊದಲಾರ್ಧ 1-1 ಇತ್ತು, ಮುಗಿದಾಗ 1-5. ಮೊದಲಾರ್ಧದಲ್ಲಿ ಸರಿಸಮ ನಿಂತವರು ಎರಡನೇ ಅರ್ಧದಲ್ಲಿ ಕಾಲು ಎತ್ತಲಾರದೆ ಹೋದದ್ದು ಅಭ್ಯಾಸವಿಲ್ಲದ, ಪ್ರಯಾಣದ ದಣಿವು ಇಳಿಯದ ತಂಡದ ಲಕ್ಷಣ. ತಂತ್ರದ ತಪ್ಪು ಹುಡುಕುವವರು ಈ ತಾರೀಖುಗಳನ್ನು ಮೊದಲು ನೋಡಬೇಕು. ಮರು ವರ್ಷ ಜನವರಿಯ ಏಷ್ಯನ್ ಕಪ್‌ಗೂ ಅವರು ನಾಲ್ಕು ವಾರದ ಶಿಬಿರ ಕೇಳಿದ್ದರು. ತಂಡ ದೋಹಾ ತಲುಪಿದ್ದು ಡಿಸೆಂಬರ್ 30ಕ್ಕೆ, ಆಸ್ಟ್ರೇಲಿಯಾ ಜೊತೆ ಪಂದ್ಯ ಜನವರಿ 13ಕ್ಕೆ. ಮೂರು ಪಂದ್ಯ, ಮೂರೂ ಸೋಲು, ಒಂದು ಗೋಲೂ ಇಲ್ಲ.

ಹಾಗಂತ ಕ್ಲಬ್‌ಗಳನ್ನು ಬರೀ ಸ್ವಾರ್ಥಿಗಳು ಅಂತ ಬಯ್ಯುವುದು ನನಗೆ ಸರಿ ಕಾಣುವುದಿಲ್ಲ. ಶಿಬಿರದಲ್ಲಿ ಆಟಗಾರನ ಮಂಡಿ ಹೋದರೆ ಸೀಸನ್ ಪೂರ್ತಿ ಸಂಬಳ ಕೊಟ್ಟು ಕೂರಿಸಬೇಕಾದದ್ದು ಕ್ಲಬ್. ಫಿಫಾದ ಕ್ಲಬ್ ರಕ್ಷಣಾ ಯೋಜನೆ ಇದೆ, ನಿಜ. ಆದರೆ ಗಾಯದಿಂದ ಸತತ 28 ದಿನಕ್ಕಿಂತ ಹೆಚ್ಚು ಹೊರಗಿದ್ದರೆ ಮಾತ್ರ ಅದು ಸಂಬಳ ಕಟ್ಟಿಕೊಡುತ್ತದೆ, ಅದೂ ಫಿಫಾ ಕ್ಯಾಲೆಂಡರಿನಲ್ಲಿರುವ ಸೀನಿಯರ್ ತಂಡದ ಪಂದ್ಯಗಳ ಸಲುವಾಗಿ ಬಿಟ್ಟ ದಿನಗಳಿಗೆ. ಮೂರು ವಾರದ ಹ್ಯಾಮ್‌ಸ್ಟ್ರಿಂಗ್ (ತೊಡೆ ಹಿಂಭಾಗದ ಸ್ನಾಯು) ಗಾಯಕ್ಕೆ ಬಿಡಿಗಾಸೂ ಬರುವುದಿಲ್ಲ, ಮತ್ತು ಶಿಬಿರಗಳಲ್ಲಿ ಮಾಮೂಲಾಗಿ ಆಗುವುದು ಅದೇ ಗಾಯ.

ಅದು ಆಗುವ ಬಗೆಯನ್ನೂ ಹೇಳುತ್ತೇನೆ. ಕ್ಲಬ್‌ನಲ್ಲಿ ಹದಿನೈದು ದಿನ ಬೆಂಚಿನ ಮೇಲೆ ಕೂತವನು ಶಿಬಿರಕ್ಕೆ ಬಂದ ಮೊದಲ ದಿನವೇ ಪೂರ್ತಿ ವೇಗದ ಓಟಕ್ಕೆ ಇಳಿಯುತ್ತಾನೆ. ಹೊಸ ಕೋಚ್ ಮುಂದೆ ತೋರಿಸಿಕೊಳ್ಳಬೇಕಲ್ಲ. ಸ್ನಾಯುವಿಗೆ ಆ ಹೊರೆ ರೂಢಿಯಿಲ್ಲ, ತೊಡೆ ಹಿಂಭಾಗ ಹಿಡಿದುಕೊಳ್ಳುತ್ತದೆ. ತಡೆಯುವುದು ಕಷ್ಟವಲ್ಲ. ಕ್ಲಬ್‌ನ ಫಿಟ್‌ನೆಸ್ ಕೋಚ್ ಹಿಂದಿನ ನಾಲ್ಕು ವಾರದ ಜಿಪಿಎಸ್ ಲೆಕ್ಕ ಕಳಿಸಬೇಕು: ಎಷ್ಟು ಕಿಲೋಮೀಟರ್ ಓಡಿದ, ಅದರಲ್ಲಿ ಪೂರ್ತಿ ವೇಗದ್ದು ಎಷ್ಟು, ಯಾವ ದಿನ ವಿಶ್ರಾಂತಿ. ದೇಶದ ತಂಡದವರು ಅದನ್ನು ನೋಡಿ ಒಬ್ಬೊಬ್ಬನಿಗೆ ಬೇರೆ ಬೇರೆ ಹೊರೆ ಹಾಕಬೇಕು. ವಾಪಸ್ ಕಳಿಸುವಾಗ ಅದೇ ಲೆಕ್ಕ ಆ ಕಡೆ ಹೋಗಬೇಕು. ಕೋಚ್‌ಗೂ ಲೀಗ್‌ಗೂ ಇರುವ ಸಂಬಂಧ ಗಟ್ಟಿಯಾಗುವುದು ಇಂಥ ಕೆಲಸದಿಂದ. ಪತ್ರಿಕಾಗೋಷ್ಠಿಯಲ್ಲಿ ಕೂತು ದೂರಿದರೆ ಮುಂದಿನ ಸಲ ಎರಡು ದಿನ ಮೊದಲು ಬಿಡುವವರೂ ಬಿಡುವುದಿಲ್ಲ.

ವಿಂಡೋ ಒಂಬತ್ತು ದಿನ ಅಂದೆನಲ್ಲ, ಅದರೊಳಗೆ ಇಣುಕಿ ನೋಡಿ. ಭಾನುವಾರ ರಾತ್ರಿ ಏಳೂವರೆಗೆ ಜಮ್‌ಶೆಡ್‌ಪುರದಲ್ಲೋ ಗುವಾಹಟಿಯಲ್ಲೋ ಲೀಗ್ ಪಂದ್ಯ. ಸೋಮವಾರ ಪೂರ್ತಿ ವಿಮಾನದಲ್ಲಿ. ಮಂಗಳವಾರ, 90 ನಿಮಿಷ ಆಡಿದವರಿಗೆ ಸೈಕಲ್ ತುಳಿಯುವುದು, ಈಜುಕೊಳ, ಮೈ ಸಡಿಲಿಸುವುದು ಅಷ್ಟೇ. ಆಡದೆ ಉಳಿದವರು ಮಾತ್ರ ಚೆಂಡು ಮುಟ್ಟುತ್ತಾರೆ. ಗುರುವಾರ ಪಂದ್ಯವಿದ್ದರೆ ಬುಧವಾರ ಆಗಲೇ ಹಿಂದಿನ ದಿನದ ಹಗುರ ಅಭ್ಯಾಸ. ಅಂದರೆ ಹನ್ನೊಂದು ಜನರೂ ಒಟ್ಟಿಗೆ ನಿಂತು ಪೂರ್ತಿ ಕಸುವಿನಲ್ಲಿ ಒಂದು ಅಭ್ಯಾಸವನ್ನೂ ಮಾಡದೆ ಮೊದಲ ಪಂದ್ಯಕ್ಕೆ ಇಳಿಯುವ ಸ್ಥಿತಿ. ಶುಕ್ರವಾರ ಮತ್ತೆ ಪ್ರಯಾಣ, ಶನಿವಾರ ದಣಿವು ಇಳಿಸಿಕೊಳ್ಳುವುದು, ಭಾನುವಾರ ಒಂದು ಪೂರ್ತಿ ಅಭ್ಯಾಸ, ಸೋಮವಾರ ಹಗುರ, ಮಂಗಳವಾರ ಎರಡನೇ ಪಂದ್ಯ. 2025ರ ಅಕ್ಟೋಬರಿನಲ್ಲಿ ಸಿಂಗಪುರ ಜೊತೆಗಿನ ಎರಡು ಪಂದ್ಯಗಳು ಕರಾರುವಾಕ್ಕಾಗಿ ಇದೇ ಅಂತರದಲ್ಲಿದ್ದವು: 9ರ ಗುರುವಾರ ಅಲ್ಲಿ 1-1, 14ರ ಮಂಗಳವಾರ ಮಡಗಾಂವ್‌ನಲ್ಲಿ 1-2. ಅಲ್ಲಿಗೆ 2027ರ ಏಷ್ಯನ್ ಕಪ್ ದಾರಿ ಮುಚ್ಚಿತು.

ಇಷ್ಟು ಕಡಿಮೆ ಸಮಯ ಇದ್ದಾಗ ಅನುಭವಿ ಕೋಚ್ ಹೊಸ ಪದ್ಧತಿ ಕಲಿಸಲು ಹೋಗುವುದಿಲ್ಲ. ಒಂದೇ ಕ್ಲಬ್‌ನ ಜೋಡಿಯನ್ನು ಎತ್ತಿ ತರುತ್ತಾರೆ, ಉದಾಹರಣೆಗೆ ಎರಡು ಸೆಂಟರ್ ಬ್ಯಾಕ್, ಅಥವಾ ಒಂದೇ ಬದಿಯ ಬ್ಯಾಕ್ ಮತ್ತು ವಿಂಗರ್. ಕ್ಲಬ್‌ನಲ್ಲಿ ವರ್ಷವಿಡೀ ಕೂಡಿ ಆಡಿದವರಿಗೆ ಯಾರು ಮುಂದೆ ಹೋದರೆ ಯಾರು ಹಿಂದೆ ನಿಲ್ಲಬೇಕು ಅಂತ ಹೇಳಿಕೊಡುವ ಕೆಲಸವೇ ಇರುವುದಿಲ್ಲ. ಕಾರ್ನರ್ ಮತ್ತು ಫ್ರೀಕಿಕ್‌ಗೆ ದಿನಾ ಇಪ್ಪತ್ತು ನಿಮಿಷ ಮೀಸಲಿಡುತ್ತಾರೆ. ಓಟದ ದಣಿವಿಲ್ಲದೆ ಅಭ್ಯಾಸ ಮಾಡಬಹುದಾದ ಭಾಗ ಅದೊಂದೇ. ಹಾಗಾಗಿ ‘ಇವನಿಗಿಂತ ಅವನು ಚೆನ್ನಾಗಿ ಆಡ್ತಾನೆ, ಅವನನ್ನ ಯಾಕೆ ಬಿಟ್ರು’ ಅನ್ನುವ ಮಾತಿಗೆ ಎಷ್ಟೋ ಸಲ ಉತ್ತರ ಅವನ ಪಕ್ಕದಲ್ಲಿ ಆಡುವವನು ಯಾರು ಅನ್ನುವುದರಲ್ಲಿ ಇರುತ್ತದೆ.

ಈಗ ಸ್ಟ್ರೈಕರ್ ವಿಷಯ. ನನ್ನ ಮಟ್ಟಿಗೆ ಶಿಬಿರದ ಜಗಳಕ್ಕಿಂತ ದೊಡ್ಡ ಸಮಸ್ಯೆ ಇದು. ಐಎಸ್‌ಎಲ್ ಶುರುವಾದ 2014ರಲ್ಲಿ ಹನ್ನೊಂದು ಜನರಲ್ಲಿ ಆರು ವಿದೇಶಿಯರು ಆಡಬಹುದಿತ್ತು. 2017-18ಕ್ಕೆ ಐದಕ್ಕೆ ಇಳಿಯಿತು, 2021-22ರಿಂದ ನಾಲ್ಕು. ಸಂಖ್ಯೆ ಇಳಿಯಿತು, ಆದರೆ ಆ ನಾಲ್ವರು ನಿಲ್ಲುವ ಜಾಗ ಬದಲಾಗಲಿಲ್ಲ. ಒಬ್ಬ ಸ್ಟ್ರೈಕರ್, ಒಬ್ಬ ಅವನ ಹಿಂದೆ ಆಡುವ ಪ್ಲೇಮೇಕರ್, ಒಬ್ಬ ನಡುಗಂಬದಂಥ ಮಿಡ್‌ಫೀಲ್ಡರ್, ಒಬ್ಬ ಸೆಂಟರ್ ಬ್ಯಾಕ್, ಮೈದಾನದ ಬೆನ್ನುಮೂಳೆ ಪೂರ್ತಿ ಅವರದು. ಭಾರತದ ಹುಡುಗರಿಗೆ ಉಳಿಯುವುದು ಎರಡು ಅಂಚು ಮತ್ತು ಗೋಲ್ ಕೀಪಿಂಗ್. ಒಳ್ಳೆಯ ವಿಂಗರ್‌ಗಳು, ಒಳ್ಳೆಯ ಕೀಪರ್‌ಗಳು ನಮ್ಮಲ್ಲಿ ಇರುವುದಕ್ಕೂ ಒಂಬತ್ತನೇ ನಂಬರ್, ಅಂದರೆ ಸ್ಟ್ರೈಕರ್, ಇಲ್ಲದ್ದಕ್ಕೂ ಇದೇ ಕಾರಣ. 2014ರಿಂದ 2024-25ರವರೆಗೆ ಅತಿ ಹೆಚ್ಚು ಗೋಲು ಹೊಡೆದವರಿಗೆ ಕೊಡುವ ಐಎಸ್‌ಎಲ್ ಗೋಲ್ಡನ್ ಬೂಟ್ ಪ್ರತಿ ಸಲವೂ ವಿದೇಶಿಯರ ಪಾಲಾಗಿದೆ, ಒಮ್ಮೆಯೂ ನಮ್ಮವರಿಗೆ ಬಂದಿಲ್ಲ.

ನಿಮಿಷದ ಲೆಕ್ಕ ಹಾಕಿದರೆ ಇನ್ನೂ ಸ್ಪಷ್ಟ. 2024-25ರಲ್ಲಿ 13 ಕ್ಲಬ್ ಇದ್ದವು, ಪ್ರತಿ ಕ್ಲಬ್‌ಗೆ 24 ಲೀಗ್ ಪಂದ್ಯ, 2,160 ನಿಮಿಷ. ವಿದೇಶಿ ಸ್ಟ್ರೈಕರ್ ಹಿಂದೆ ಕಾಯುವ ಭಾರತದ ಹುಡುಗ 20 ಪಂದ್ಯದಲ್ಲಿ 75ನೇ ನಿಮಿಷಕ್ಕೆ ಇಳಿದ ಅಂದುಕೊಳ್ಳಿ. ಇಡೀ ವರ್ಷಕ್ಕೆ 300 ನಿಮಿಷ, ಮೂರು ಪಂದ್ಯಕ್ಕಿಂತ ತುಸು ಹೆಚ್ಚು. ಕ್ರಾಸ್ ಬರುವ ಮೊದಲು ಡಿಫೆಂಡರ್‌ನ ಕಣ್ಣು ತಪ್ಪಿಸಿ ಅರ್ಧ ಹೆಜ್ಜೆ ಮುಂದೆ ನುಗ್ಗುವುದು, ಮೊದಲ ಅವಕಾಶ ತಪ್ಪಿದರೂ ಎರಡನೆಯದಕ್ಕೆ ಅದೇ ಜಾಗಕ್ಕೆ ಬಂದು ನಿಲ್ಲುವುದು, ಇವು ಪಂದ್ಯದಲ್ಲೇ ಕೂಡುವ ವಿದ್ಯೆ. ಒಂಬತ್ತು ದಿನದ ಶಿಬಿರದಲ್ಲಿ ಯಾವ ಕೋಚ್ ಕೂಡ ತುಂಬಿಕೊಡಲಾರರು. ಅದೇ ಸೀಸನ್ನಿನಲ್ಲಿ ಭಾರತೀಯರಲ್ಲಿ ಅತಿ ಹೆಚ್ಚು, 14 ಗೋಲು ಹೊಡೆದವರು 40 ವರ್ಷದ ಸುನಿಲ್ ಛೆಟ್ರಿ. 2024ರ ಜೂನ್‌ನಲ್ಲಿ ಕೋಲ್ಕತ್ತದಲ್ಲಿ ವಿದಾಯ ಹೇಳಿದ್ದವರನ್ನು 2025ರ ಮಾರ್ಚ್‌ನಲ್ಲಿ ಆಗಿನ ಭಾರತ ಕೋಚ್ ಮನೋಲೊ ಮಾರ್ಕೆಸ್ ವಾಪಸ್ ಕರೆದರು. ಅದನ್ನು ಕೋಚ್‌ನ ದೌರ್ಬಲ್ಯ ಅಂತ ಆಡಿಕೊಂಡವರು ಬಹಳ. ಲೀಗ್ ಕೊಟ್ಟ ಪಟ್ಟಿಯಲ್ಲಿ ಮೇಲಿದ್ದ ಹೆಸರೇ ಅದಾಗಿದ್ದಾಗ ಬೇರೆ ಯಾರನ್ನು ಕರೆಯಬೇಕಿತ್ತು?

ಮನೋಲೊ ಅವರದು ಇನ್ನೊಂದು ಪಾಠ. 2024-25 ಪೂರ್ತಿ ಅವರು ಎಫ್‌ಸಿ ಗೋವಾ ಕೋಚ್ ಕೂಡ ಆಗಿದ್ದರು. ಲೀಗ್ ಒಳಗೇ ಇರುವುದರಿಂದ ಎದುರಾಳಿ ತಂಡದ ಪ್ರತಿಯೊಬ್ಬನನ್ನೂ ಹತ್ತಿರದಿಂದ ಬಲ್ಲರು, ಅದು ಲಾಭ. ಆದರೆ ವಾರದಲ್ಲಿ ಆರು ದಿನ ಕ್ಲಬ್‌ಗೆ ಕೊಟ್ಟವರು ಬೇರೆ ಊರುಗಳ ಪಂದ್ಯಕ್ಕೆ ಹೋಗಿ ಕೂರುವುದು ಯಾವಾಗ? ತನ್ನ ಕ್ಲಬ್ ಹುಡುಗನನ್ನು ಆರಿಸಿದರೂ ಮಾತು, ಬಿಟ್ಟರೂ ಮಾತು. ಎಂಟು ಪಂದ್ಯದಲ್ಲಿ ಒಂದೇ ಗೆಲುವು ಸಿಕ್ಕಿತು, 2025ರ ಜುಲೈನಲ್ಲಿ ಬಿಟ್ಟರು. ಎರಡು ಕುರ್ಚಿ ಒಬ್ಬರಿಗೆ ಕೊಟ್ಟದ್ದು ತಪ್ಪು ಅಂತಲೇ ನನ್ನ ಅಭಿಪ್ರಾಯ.

ಆಗಸ್ಟ್‌ನಲ್ಲಿ ಭಾರತ ಕೋಚ್ ಆಗಿ ಬಂದ ಖಾಲಿದ್ ಜಮೀಲ್ 2016-17ರಲ್ಲಿ ಐಜ್ವಾಲ್‌ನಂಥ ಸಣ್ಣ ಕ್ಲಬ್‌ಗೆ ಐ-ಲೀಗ್ ಗೆಲ್ಲಿಸಿದವರು, ದೇಶೀ ಫುಟ್‌ಬಾಲ್ ಅವರಿಗೆ ಅಂಗೈ ಗೆರೆ. ಅವರಿಗೆ ಸಿಕ್ಕದ್ದು ಲೀಗೇ ಇಲ್ಲದ ದೇಶ. ಎಐಎಫ್‌ಎಫ್‌ಗೂ ಲೀಗ್ ನಡೆಸುತ್ತಿದ್ದ ಸಂಸ್ಥೆಗೂ ಇದ್ದ 15 ವರ್ಷದ ಒಪ್ಪಂದ ಡಿಸೆಂಬರ್‌ಗೆ ಮುಗಿಯುವುದಿತ್ತು, ನವೀಕರಣವಾಗದೆ ಜುಲೈನಲ್ಲೇ ಸೀಸನ್ ತಡೆಹಿಡಿದರು. ಭದ್ರಾ ನಾಲೆಗೆ ನೀರು ಯಾವಾಗ ಬಿಡುತ್ತಾರೆ ಅಂತ ಗೊತ್ತಾಗದೆ ನಮ್ಮ ಕಡೆ ಯಾರೂ ಸಸಿಮಡಿ ಹಾಕುವುದಿಲ್ಲ. ಕ್ಲಬ್‌ಗಳೂ ಹಾಗೇ ಕೈಕಟ್ಟಿ ಕೂತವು, ಕೆಲವು ಅಭ್ಯಾಸವನ್ನೇ ನಿಲ್ಲಿಸಿದವು. ಸಿಂಗಪುರ ವಿರುದ್ಧ ಇಳಿದ ನಮ್ಮವರು ಕೊನೆಯ ಐಎಸ್‌ಎಲ್ ಪಂದ್ಯ ಆಡಿ ಆರು ತಿಂಗಳಾಗಿತ್ತು. ಕೊನೆಗೆ ಲೀಗ್ ಶುರುವಾದದ್ದು 2026ರ ಫೆಬ್ರವರಿ 14ಕ್ಕೆ: 14 ಕ್ಲಬ್, ಒಟ್ಟು 91 ಪಂದ್ಯ, ಅಂದರೆ ಒಂದು ಕ್ಲಬ್‌ಗೆ 13. ಮೇಲಿನ 2,160 ನಿಮಿಷ 1,170ಕ್ಕೆ ಬಂತು. ಬೆಂಚಿನ ಸ್ಟ್ರೈಕರ್‌ಗೆ ಎಷ್ಟು ಉಳಿದೀತು ಅಂತ ನೀವೇ ಭಾಗಿಸಿ ನೋಡಿ.

ಇನ್ನು ನಿಮ್ಮೂರಿನ ಹುಡುಗರ ವಿಷಯ. ದಾವಣಗೆರೆ, ಚಿತ್ರದುರ್ಗದ ಹುಡುಗ ಎಷ್ಟೇ ಚೆನ್ನಾಗಿ ಆಡಿದರೂ ದೇಶದ ಕೋಚ್ ಕಣ್ಣಿಗೆ ಬೀಳುವುದು ಕ್ಲಬ್ ಮೂಲಕವೇ. ಬೆಂಗಳೂರಿನ ಸೂಪರ್ ಡಿವಿಷನ್, ರಾಜ್ಯ ತಂಡಗಳ ಟೂರ್ನಿಯಾದ ಸಂತೋಷ್ ಟ್ರೋಫಿಗೆ ಹೋಗುವ ನಮ್ಮ ತಂಡ, ಆಮೇಲೆ ದೇಶದ ಎರಡನೇ ಹಂತದ ಲೀಗ್ ಅಥವಾ ಐಎಸ್‌ಎಲ್. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ 54 ವರ್ಷದ ನಂತರ ಸಂತೋಷ್ ಟ್ರೋಫಿ ಗೆದ್ದಿತು. ಆ ಪ್ರತಿಭೆ ಮೇಲೇರುವ ಮೆಟ್ಟಿಲು ಬೆಂಗಳೂರಿನಲ್ಲೇ ನಿಂತಿದೆ, 260 ಕಿಲೋಮೀಟರ್ ಈಚೆ ಬರಬೇಕಾದರೆ ಜಿಲ್ಲಾ ಲೀಗ್‌ಗಳು ವರ್ಷಕ್ಕೆ ಹತ್ತು ದಿನದ ಟೂರ್ನಿಯಾಗಿ ಮುಗಿಯಬಾರದು.

ಮುಂದಿನ ಪಟ್ಟಿ ಬಂದಾಗ ಹೀಗೆ ಓದಿ. ಮೊದಲು ಶಿಬಿರದ ದಿನಗಳು ಫಿಫಾ ವಿಂಡೋ ಒಳಗಿವೆಯೋ ಹೊರಗಿವೆಯೋ ನೋಡಿ, ಹೊರಗಿದ್ದರೆ ಬಾರದವರ ಹೊಣೆ ಕೋಚ್‌ದಲ್ಲ. ಆಮೇಲೆ ಪ್ರತಿ ಹೆಸರಿನ ಮುಂದೆ ಕ್ಲಬ್‌ನ ಕೊನೆಯ ಐದು ಪಂದ್ಯಗಳ ನಿಮಿಷ ಬರೆದುಕೊಳ್ಳಿ. 450ರಲ್ಲಿ 270 ದಾಟದವನನ್ನು ಆರಂಭಿಕ ಹನ್ನೊಂದರಲ್ಲಿ ನಿಲ್ಲಿಸಿದ್ದರೆ ಆಗ ಕೋಚ್‌ಗೆ ಪ್ರಶ್ನೆ ಹಾಕಿ. ಕ್ಲಬ್‌ನಲ್ಲಿ ಆಡುವ ಜಾಗವೇ ಬೇರೆ, ಇಲ್ಲಿ ಆಡಿಸಿದ ಜಾಗವೇ ಬೇರೆ ಅಂತ ಕಂಡರೆ ಇನ್ನೊಂದು ಪ್ರಶ್ನೆ ಹಾಕಿ. 2026ರಿಂದ ಸೆಪ್ಟೆಂಬರ್ ಮತ್ತು ಅಕ್ಟೋಬರ್ ವಿಂಡೋಗಳು ಕೂಡಿ 16 ದಿನದ ಒಂದೇ ವಿಂಡೋ ಆಗುತ್ತದೆ, ಅದರಲ್ಲಿ ನಾಲ್ಕು ಪಂದ್ಯ ಆಡಬಹುದು. ಪ್ರಯಾಣದ ದಿನಗಳು ಅರ್ಧವಾಗುತ್ತವೆ, ಪೂರ್ತಿ ಅಭ್ಯಾಸ ನಾಲ್ಕೈದಾದರೂ ಸಿಗುತ್ತವೆ. ಅಷ್ಟು ದಿನ ಕೈಗೆ ಸಿಕ್ಕ ಮೇಲೂ ಕಾರ್ನರ್‌ಗಳಲ್ಲಿ ನಮ್ಮವರು ತಾವು ಕಾಯಬೇಕಾದ ಎದುರಾಳಿಯನ್ನು ಬಿಟ್ಟು ನಿಂತರೆ, ಆಗ ಕ್ಲಬ್‌ಗಳ ಕಡೆ ಬೆರಳು ತೋರಿಸಲು ಕೋಚ್‌ಗೆ ಜಾಗವಿರುವುದಿಲ್ಲ.