ನಿಂಬೆರಸಕ್ಕೆ ಅರಿಶಿನ ಯಾಕೆ ಬಣ್ಣ ಬದಲಿಸಲ್ಲ?

ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಕಲಿಸಿದವನು ನಾನು. ಶಾಲೆಯಲ್ಲಿ ಆಮ್ಲ, ಪ್ರತ್ಯಾಮ್ಲದ ಪಾಠ ಶುರುವಾಯಿತೆಂದರೆ ನನಗೆ ಬರುವ ಪ್ರಶ್ನೆಗಳು ಹೆಚ್ಚೂಕಡಿಮೆ ಒಂದೇ ಥರ. ಅದರಲ್ಲೂ ಮೊದಲನೆಯದನ್ನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಈ ಸಲ ಅದಕ್ಕೇ ಜಾಸ್ತಿ ಜಾಗ.

ಪ್ರಶ್ನೆ: ಮಗಳಿಗೆ ತೋರಿಸೋಣ ಅಂತ ಅರಿಶಿನದ ಕಾಗದ ಮಾಡಿದೆ. ಸಾಬೂನಿನ ನೀರಿಗೆ ಕೆಂಪಾಯಿತು. ನಿಂಬೆರಸಕ್ಕೆ ಏನೂ ಆಗಲಿಲ್ಲ, ಅಡುಗೆ ಸೋಡಾಕ್ಕೂ ಸರಿಯಾಗಿ ಬಣ್ಣ ಬರಲಿಲ್ಲ. ಅರಿಶಿನ ಕಲಬೆರಕೆ ಇರಬಹುದಾ?

ನಿಮ್ಮ ಅರಿಶಿನ ಚೆನ್ನಾಗಿಯೇ ಇದೆ. ಅರಿಶಿನಕ್ಕೆ ಆಮ್ಲ ಗೊತ್ತೇ ಆಗುವುದಿಲ್ಲ. ನಿಂಬೆರಸದಲ್ಲೂ ಹಳದಿ, ಬರೀ ನೀರಿನಲ್ಲೂ ಹಳದಿ. ಪಿಎಚ್ (ಆಮ್ಲ, ಪ್ರತ್ಯಾಮ್ಲದ ಅಳತೆ; 7 ಅಂದರೆ ತಟಸ್ಥ, ಅದಕ್ಕಿಂತ ಕಡಿಮೆಯಾದರೆ ಆಮ್ಲ, ಹೆಚ್ಚಾದರೆ ಪ್ರತ್ಯಾಮ್ಲ) ಸುಮಾರು 7.4 ದಾಟಿದ ಮೇಲೆ ಅದು ಕೆಂಪಿಗೆ ತಿರುಗಲು ಶುರುಮಾಡುತ್ತದೆ, 8.6ರ ಹೊತ್ತಿಗೆ ಬಣ್ಣ ಪೂರ್ತಿ ತಿರುಗಿರುತ್ತದೆ. ಅಡುಗೆ ಸೋಡಾ ಕರಗಿದ ನೀರಿನ ಪಿಎಚ್ ಸುಮಾರು 8.3. ಅದಕ್ಕೇ ನಿಮಗೆ ಕಾಣಿಸಿದ್ದು ಅರೆಬರೆ ಕಿತ್ತಳೆ. ಬಟ್ಟೆ ಸೋಡಾದ್ದು 11ರ ಹತ್ತಿರ, ಅದರಲ್ಲಿ ಅದ್ದಿದರೆ ಕಾಗದ ಥಟ್ಟನೆ ಕೆಂಪಾಗುತ್ತದೆ.

ಇಷ್ಟು ಸರಳ ವಿಷಯಕ್ಕೆ ಮಕ್ಕಳು ಸುಳ್ಳು ಬರೆಯುವ ಹಾಗಾಗಿದೆ ಅನ್ನುವುದೇ ನನ್ನ ಸಿಟ್ಟು. ಒಂದು ಶಾಲೆಯಲ್ಲಿ ಪ್ರಯೋಗದ ಪುಸ್ತಕ ನೋಡುತ್ತಿದ್ದೆ. ನಿಂಬೆರಸದ ಸಾಲಿನಲ್ಲಿ ಮಕ್ಕಳೆಲ್ಲ 'ಬಣ್ಣ ಬದಲಾಯಿತು' ಅಂತ ಬರೆದಿದ್ದರು, ಒಬ್ಬ ಹುಡುಗ ಮಾತ್ರ 'ಬದಲಾಗಲಿಲ್ಲ' ಅಂತ ಬರೆದಿದ್ದ. ಅವನ ಉತ್ತರಕ್ಕೇ ಕೆಂಪು ಶಾಯಿಯ ತಪ್ಪು ಗುರುತು! ಕಂಡಿದ್ದನ್ನು ಬರೆದವನು ಅವನೊಬ್ಬನೇ. ದಯವಿಟ್ಟು ಮನೆಯಲ್ಲಾದರೂ ಮೊದಲೇ ಉತ್ತರ ಹೇಳಿಕೊಡಬೇಡಿ.

ಹಾಗಾದರೆ ಅರಿಶಿನದಲ್ಲಿ ಆಮ್ಲ ತೋರಿಸೋದು ಹೇಗೆ? ಮೊದಲು ಕಾಗದವನ್ನು ಕೆಂಪು ಮಾಡಿಕೊಳ್ಳಿ. ಬಟ್ಟೆ ತೊಳೆಯುವ ಸಾಬೂನಿನ ನೀರು ಹಚ್ಚಿ ಒಣಗಿಸಿ. ಆ ಕೆಂಪಿನ ಮಧ್ಯೆ ಕಡ್ಡಿಯ ತುದಿಯಿಂದ ಒಂದೇ ಒಂದು ಹನಿ ನಿಂಬೆರಸ ಇಡಿ. ಹನಿ ಬಿದ್ದಲ್ಲಿ ಹಳದಿ ಚುಕ್ಕೆ ಮೂಡಿ, ನೋಡನೋಡುತ್ತಲೇ ಸುತ್ತ ಹರಡುತ್ತದೆ, ಅಂಚಿನಲ್ಲಿ ಕೆಂಪು ಹಾಗೇ ಉಳಿಯುತ್ತದೆ. ಹುಣಸೆರಸ, ಹುಳಿ ಮಜ್ಜಿಗೆ ಇಟ್ಟೂ ನೋಡಲಿ. ಇದಕ್ಕಿಂತ ಚಂದದ್ದು ಆರತಿ ತಟ್ಟೆಯಲ್ಲೇ ಇದೆ. ಅರಿಶಿನದ ನೀರಿಗೆ ಚೂರು ಸುಣ್ಣ ಕದಡಿದರೆ ಓಕುಳಿ ಕೆಂಪಾಗುವುದನ್ನು ನಿಮ್ಮ ಮಗಳು ಎಷ್ಟು ಸಲ ನೋಡಿಲ್ಲ! ಮುಂದಿನ ಸಲ ಅದನ್ನು ಚೆಲ್ಲುವ ಮೊದಲು ಒಂದು ಲೋಟಕ್ಕೆ ಬಗ್ಗಿಸಿಕೊಂಡು, ನಿಂಬೆರಸವನ್ನು ಹನಿ ಹನಿಯಾಗಿ ಬಿಡುತ್ತಾ ಎಣಿಸಲು ಹೇಳಿ. ಮೊದಲ ಕೆಲವು ಹನಿಗಳಿಗೆ ಏನೂ ಆಗಲಿಕ್ಕಿಲ್ಲ, ಆಮೇಲೆ ಒಂದು ಹಂತದಲ್ಲಿ ಕೆಂಪು ಹೋಗಿ ಮತ್ತೆ ಹಳದಿ. ಆಮ್ಲ, ಪ್ರತ್ಯಾಮ್ಲ ಒಂದರ ಗುಣವನ್ನು ಇನ್ನೊಂದು ಕಳೆಯುವ ಇದಕ್ಕೆ ತಟಸ್ಥೀಕರಣ ಅನ್ನುವ ದೊಡ್ಡ ಪದವನ್ನು ಆಮೇಲೆ ಹೇಳಿದರೆ ಸಾಕು.

ಎರಡೂ ಕಡೆ ಬಣ್ಣ ಬೇಕಿದ್ದರೆ ಕೆಂಪು ದಾಸವಾಳ ಇದೆ. ನಾಲ್ಕೈದು ಹೂವಿನ ಎಸಳನ್ನು ಬಿಸಿನೀರಿನಲ್ಲಿ ಹತ್ತು ನಿಮಿಷ ನೆನೆಸಿ ಸೋಸಿ. ಆಮ್ಲಕ್ಕೆ ಗಾಢ ಗುಲಾಬಿ, ಪ್ರತ್ಯಾಮ್ಲಕ್ಕೆ ಹಸಿರು. ಬೋರ್‌ವೆಲ್ ನೀರು ಮಾತ್ರ ಬೇಡ. ಗಡಸು ನೀರಿಗೇ ಸ್ವಲ್ಪ ಪ್ರತ್ಯಾಮ್ಲದ ಗುಣ ಇರುವುದರಿಂದ ಬಣ್ಣ ಮೊದಲೇ ಮಂಕಾಗಿಬಿಡುತ್ತದೆ, ಮಗು ಗೊಂದಲಕ್ಕೆ ಬೀಳುತ್ತದೆ. ಮಳೆನೀರು ಇಲ್ಲವೇ ಫಿಲ್ಟರ್ ನೀರು ಬಳಸಿ. ಮುನ್ನೂರು, ನಾನೂರು ರೂಪಾಯಿ ಕೊಟ್ಟು ಇದಕ್ಕೆಂದು ಪರೀಕ್ಷೆಯ ಕಿಟ್ ತರಿಸಬೇಡಿ.

ಪ್ರಶ್ನೆ: ಹುಳಿ ಇದ್ದರೆ ಆಮ್ಲ, ಕಹಿ ಇದ್ದರೆ ಪ್ರತ್ಯಾಮ್ಲ ಅಂತ ನೆನಪಿಟ್ಟುಕೊಂಡರೆ ಸಾಕಲ್ವಾ?

ಸಾಲದು. ಕಾಫಿ ಕಹಿ, ಆದರೂ ಅದು ಆಮ್ಲದ ಕಡೆಗೇ ಸೇರಿದ್ದು. ಮುಖ್ಯವಾಗಿ, ರುಚಿ ನೋಡಿ ಪರೀಕ್ಷೆ ಮಾಡುವ ಅಭ್ಯಾಸವನ್ನು ಮಗುವಿಗೆ ಯಾವತ್ತೂ ಕಲಿಸಬೇಡಿ.

ಪ್ರಶ್ನೆ: ಆಲ್ಕಲೈನ್ ನೀರು (ಪ್ರತ್ಯಾಮ್ಲ ಗುಣದ ನೀರು) ಕುಡಿದರೆ ರಕ್ತದ ಆಮ್ಲ ಕಡಿಮೆಯಾಗುತ್ತದಂತೆ?

ಇಲ್ಲ. ರಕ್ತದ ಪಿಎಚ್ಚನ್ನು ಶ್ವಾಸಕೋಶ, ಮೂತ್ರಪಿಂಡಗಳು 7.35ರಿಂದ 7.45ರೊಳಗೆ ಕಾಯುತ್ತವೆ, ಕುಡಿದ ನೀರು ಮೊದಲು ಸಿಗುವುದು ಹೊಟ್ಟೆಯ ಹೈಡ್ರೋಕ್ಲೋರಿಕ್ ಆಮ್ಲಕ್ಕೆ. ಈ ಮಾತು ಹೇಳಿ ಸಾವಿರಾರು ರೂಪಾಯಿಯ ಯಂತ್ರ ಮಾರುವವರು, ಕ್ಯಾನ್ಸರ್ ವಾಸಿಯಾಗುತ್ತೆ ಅನ್ನುವವರು ಜನರ ಜೀವದ ಜೊತೆ ಆಟ ಆಡುತ್ತಿದ್ದಾರೆ.

ಪ್ರಶ್ನೆ: ಟಾಯ್ಲೆಟ್ ಕ್ಲೀನರ್, ಬ್ಲೀಚಿಂಗ್ ಪೌಡರ್ ಕೂಡ ಪರೀಕ್ಷಿಸಬಹುದಾ?

ಬೇಡ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ, ಬಾತ್‌ರೂಮಿನಂಥ ಸಣ್ಣ ಜಾಗದಲ್ಲಿ ಪ್ರಾಣಕ್ಕೇ ಅಪಾಯ.

ಪ್ರಶ್ನೆ: ಎಲೆ ಅಡಿಕೆ ಸುಣ್ಣ ತಿನ್ನುವ ವಸ್ತು ತಾನೇ, ಮಕ್ಕಳ ಕೈಗೆ ಕೊಡಬಹುದಲ್ವಾ?

ಕೊಡಬೇಡಿ. ಮೇಲೆ ಹೇಳಿದ ಪ್ರಯೋಗಗಳಿಗೆ ಬೇಕಾದ ವಸ್ತುಗಳಲ್ಲಿ ನನಗೆ ಹೆದರಿಕೆ ಇರುವುದು ಇದೊಂದರದ್ದೇ. ಸುಣ್ಣದ ನೀರಿನ ಪಿಎಚ್ 12 ದಾಟುತ್ತದೆ. ಮಗು ಪ್ಯಾಕೆಟ್ ಒತ್ತಿ ಹಿಡಿದು ಆಡುವಾಗ ಸುಣ್ಣ ಚಿಮ್ಮಿ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಸುಣ್ಣ ಕದಡುವ ಕೆಲಸ ದೊಡ್ಡವರೇ ಮಾಡಿ. ಅಕಸ್ಮಾತ್ ಕಣ್ಣಿಗೆ ಬಿದ್ದರೆ, ಆಮ್ಲದಿಂದ ಸರಿಹೋಗುತ್ತೆ ಅಂತ ನಿಂಬೆರಸ ಗಿಂಬೆರಸ ಹಾಕಬೇಡಿ. ಉಜ್ಜಲೂ ಬಿಡಬೇಡಿ. ರೆಪ್ಪೆ ಬಿಡಿಸಿ ಹಿಡಿದು, ಆ ಕ್ಷಣದಿಂದಲೇ ಶುದ್ಧ ನೀರನ್ನು ಧಾರೆಯಾಗಿ ಅರ್ಧ ಗಂಟೆ ಬಿಟ್ಟು ತೊಳೆಯಿರಿ, ಆಮೇಲೆ ತಡಮಾಡದೆ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.